ಗಾಂಧಿ ಕ್ಲಾಸಿನಲ್ಲಿ ಕೂತು ಪ್ರೇಮಚಿತ್ರ ನೋಡಿದಾಗ

‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಮೊದಲ ಭಾಗ 2023ರ ಸೆಪ್ಟೆಂಬರಿನಲ್ಲಿ ತೆರೆಗೆ ಬಂದಾಗ ನಮ್ಮೊಳಗೇ ಎರಡು ಪಂಗಡವಾಯಿತು. ಶಿವಮೊಗ್ಗದಲ್ಲಿ ಮ್ಯಾಟಿನಿ ಮುಗಿಸಿ ಹೊರಗೆ ಬಂದ ಐದು ಜನರಲ್ಲಿ ಇಬ್ಬರ ಕಣ್ಣು ಕೆಂಪಾಗಿತ್ತು. ಇನ್ನಿಬ್ಬರು ‘ಇದೇನ್ರೀ, ಎರಡೂವರೆ ಗಂಟೆ ಬರೀ ಸಮುದ್ರ, ನಿಟ್ಟುಸಿರು’ ಎಂದು ಬೈಯುತ್ತಿದ್ದರು. ಐದನೆಯವನು ಭದ್ರಾವತಿಯವನು. ಬಾಡಿಗೆ ಕಾರು ಓಡಿಸುತ್ತಾನೆ. ಅವನ ಅಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಯಾಗಿದ್ದವರು. ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಬರುವ ತನಕ ಅವನು ಸುಮ್ಮನೆ ಇದ್ದ. ಆಮೇಲೆ ಕೇಳಿದ: ‘ಅಲ್ಲ ಮೇಷ್ಟ್ರೆ, ಅವನು ಯಾಕೆ ಒಪ್ಕೊಂಡ?’

ಅತ್ತವರಿಗೂ ಬೈದವರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ಚಿತ್ರದ ಕತೆ ಬಹಳ ಜನಕ್ಕೆ ಗೊತ್ತು. ಮನು ಒಬ್ಬ ಸಾಹುಕಾರನ ಮನೆಯ ಕಾರು ಡ್ರೈವರ್. ಪ್ರಿಯಾ ಹಾಡುವ ಹುಡುಗಿ. ಇಬ್ಬರಿಗೂ ತಮ್ಮದೊಂದು ಸೂರು ಬೇಕೆಂಬ ಆಸೆ. ಸಾಹುಕಾರನ ಮಗ ಕಾರು ಗುದ್ದಿಸಿ ಒಬ್ಬನ ಜೀವ ತೆಗೆಯುತ್ತಾನೆ. ದುಡ್ಡು ಕೊಡುತ್ತೇವೆ, ಬೇಗ ಬಿಡಿಸಿಕೊಂಡು ಬರುತ್ತೇವೆ ಎಂಬ ಮಾತು ನಂಬಿ ಮನು ಆ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ಜೈಲು ಸೇರುತ್ತಾನೆ. ಮಾತು ಕೊಟ್ಟ ಸಾಹುಕಾರ ಸಾಯುತ್ತಾನೆ, ಉಳಿದವರು ಕೈಬಿಡುತ್ತಾರೆ. ಪ್ರಿಯಾ ಬೇರೊಬ್ಬನ ಕೈಹಿಡಿಯುವಲ್ಲಿಗೆ ಮೊದಲ ಭಾಗ ಮುಗಿಯುತ್ತದೆ. ಹೇಮಂತ್ ಎಂ. ರಾವ್ ನಿರ್ದೇಶನ, ರಕ್ಷಿತ್ ಶೆಟ್ಟಿ, ರುಕ್ಮಿಣಿ ವಸಂತ್ ಅಭಿನಯ. ವಿಮರ್ಶಕರು ಇದನ್ನು ಕಾವ್ಯ ಎಂದು ಹೊಗಳಿದರು. ಬೇಜಾರು ಬಂತು ಎಂದವರನ್ನು ಕೆಲವರು ರಸಹೀನರು ಎಂದರು.

ಚಿತ್ರ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ರುಕ್ಮಿಣಿ ವಸಂತ್ ಅವರ ಮುಖದಲ್ಲಿ ಒಂದು ಬಡ ಮಧ್ಯಮವರ್ಗದ ಹುಡುಗಿಯ ಲೆಕ್ಕಾಚಾರ, ಭಯ, ಹಟ ಎಲ್ಲ ನಿಜವಾಗಿಯೇ ಕಾಣುತ್ತದೆ. ಆದರೆ ‘ರಸಹೀನರು’ ಎಂಬ ಮಾತು ಕಿವಿಗೆ ಬಿದ್ದಾಗ ನಮಗೆ ಹಳೆಯ ಗಾಯ ಕೆದಕಿದ ಹಾಗಾಯಿತು. ಸಾಹಿತ್ಯದಲ್ಲಿ ಈ ಮಾತನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ನಿಮಗೆ ರುಚಿಸಲಿಲ್ಲವೆಂದರೆ ತಪ್ಪು ನಿಮ್ಮ ನಾಲಿಗೆಯದು, ಅಡುಗೆಯದಲ್ಲ ಎನ್ನುವ ಮಾತು ಅದು.

ಗಾಂಧಿನಗರದವರು ಚಿತ್ರಗಳನ್ನು ವಿಂಗಡಿಸಲು ಎರಡು ಪದ ಇಟ್ಟುಕೊಂಡಿದ್ದಾರೆ: ‘ಕ್ಲಾಸ್’ ಮತ್ತು ‘ಮಾಸ್’. ಮೆಚ್ಚುಗೆ ಪಡೆಯುವ ಪ್ರೇಮಚಿತ್ರ ಕ್ಲಾಸ್, ಹೊಡೆದಾಟದ್ದು ಮಾಸ್. ತಾವು ಯಾವ ಪದ ಬಳಸುತ್ತಿದ್ದೇವೆ ಎಂಬ ಅರಿವು ಅವರಿಗೆ ಇದ್ದಂತಿಲ್ಲ. ಮಾರ್ಕ್ಸ್ ಓದದೆಯೇ ಅವರು ವರ್ಗದ ಮಾತನ್ನು ಇಷ್ಟು ನೇರವಾಗಿ ಆಡಿಬಿಟ್ಟಿದ್ದಾರೆ! ಪ್ರೇಕ್ಷಕರು ಏಕೆ ಒಡೆಯುತ್ತಾರೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಎರಡು ಪದಗಳಲ್ಲೇ ಇದೆ. ಪ್ರೇಕ್ಷಕರನ್ನು ಚಿತ್ರ ಒಡೆಯುವುದಿಲ್ಲ. ಅವರು ಒಡೆದುಕೊಂಡೇ ಒಳಗೆ ಬಂದಿರುತ್ತಾರೆ. ಒಳ್ಳೆಯ ಚಿತ್ರವಾದರೆ ಆ ಒಡಕು ಕಣ್ಣಿಗೆ ಬೀಳುತ್ತದೆ, ಇಲ್ಲವಾದರೆ ಹಾಡಿನಲ್ಲಿ ಮುಚ್ಚಿಹೋಗುತ್ತದೆ.

ಮೊದಲು ಈ ಒಡಕು ಕುರ್ಚಿಯಲ್ಲೇ ಕಾಣುತ್ತಿತ್ತು. ನಮ್ಮ ಟಾಕೀಸುಗಳಲ್ಲಿ ಪರದೆಗೆ ಅಂಟಿಕೊಂಡ ಹಾಗಿದ್ದ ಕಡಿಮೆ ದುಡ್ಡಿನ ಜಾಗಕ್ಕೆ ‘ಗಾಂಧಿ ಕ್ಲಾಸ್’ ಎಂದೇ ಹೆಸರು. ಟೆಂಟಿನಲ್ಲಾದರೆ ಬರೀ ನೆಲ. ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ, ಮೇಲೆ ಬಾಲ್ಕನಿ. ಬಡವನನ್ನು ಮುಂದಕ್ಕೆ ಕರೆದು ಕೂರಿಸುವ ಜಾಗ ಈ ದೇಶದಲ್ಲಿ ಅದೊಂದೇ ಇದ್ದಿರಬೇಕು, ಅದೂ ಕತ್ತು ನೋಯಲಿ ಎಂದು! ಗಾಂಧಿ ಕ್ಲಾಸಿನಿಂದ ನೋಡಿದರೆ ನಾಯಕಿಯ ಮುಖ ಪೂರ್ತಿ ಕಾಣುವುದಿಲ್ಲ. ಮೂಗು ಕಂಡರೆ ಹಣೆ ಕಾಣದು. ಆದರೂ ಸೀಟಿ ಹೊಡೆದವರು, ಕಾಸು ಎಸೆದವರು, ಬೇಸರ ಬಂದರೆ ಬಾಯಿಬಿಟ್ಟು ಬೈದವರು ಅಲ್ಲಿಯವರೇ. ಬಾಲ್ಕನಿಯವರು ಸೆರಗಿನಲ್ಲಿ, ಕರ್ಚೀಫಿನಲ್ಲಿ ಅತ್ತರು. ಒಂದೇ ಚಿತ್ರವನ್ನು ಎರಡು ಜನಾಂಗ ನೋಡುತ್ತಿತ್ತು. ಆದರೆ ಒಂದೇ ಸೂರಿನ ಕೆಳಗೆ, ಒಬ್ಬರ ಸದ್ದು ಇನ್ನೊಬ್ಬರಿಗೆ ಕೇಳುವ ಹಾಗೆ. ಈಗಿನ ಮಲ್ಟಿಪ್ಲೆಕ್ಸಿನಲ್ಲಿ ಗಾಂಧಿ ಕ್ಲಾಸ್ ಇಲ್ಲ. ಸಮಾನತೆ ಬಂತೆಂದು ಯಾರೂ ತಿಳಿಯಬೇಕಿಲ್ಲ. ಆ ಜನವೇ ಅಲ್ಲಿಲ್ಲ. ಗಂಡ ಹೆಂಡತಿ ಇಬ್ಬರು ಮಕ್ಕಳು ಹೋಗಿ ಬಂದರೆ ಕೂಲಿಯವನ ಒಂದು ದಿನದ ದುಡಿಮೆ ಮುಗಿಯಿತು. ಅವನು ಮೂರು ತಿಂಗಳು ಕಾದು ಮೊಬೈಲಿನಲ್ಲಿ ನೋಡುತ್ತಾನೆ. ಅಷ್ಟರಲ್ಲಿ ವಿಮರ್ಶೆ ಬರೆದಾಗಿರುತ್ತದೆ, ಪ್ರಶಸ್ತಿ ಕೊಟ್ಟಾಗಿರುತ್ತದೆ.

ಹಳೆಯದೊಂದು ಚಿತ್ರಕ್ಕೆ ಹೋಗೋಣ. ನೆರೆಯ ಚಿತ್ರದುರ್ಗದ ಕತೆ, 1972ರ ‘ನಾಗರಹಾವು’. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ್ದು. 2018ರಲ್ಲಿ ಹೊಸ ಶಬ್ದ ತೊಟ್ಟು ಮತ್ತೆ ಥಿಯೇಟರಿಗೆ ಬಂದಾಗ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮೊದಲ ಸಲ ದೊಡ್ಡ ಪರದೆಯ ಮೇಲೆ ನೋಡಿದರು. ಕನ್ನಡದಲ್ಲಿ ಇಷ್ಟು ಹೊಗಳಿಕೆ ಪಡೆದ, ಇಷ್ಟು ಜಗಳವನ್ನೂ ಎಬ್ಬಿಸಿದ ಪ್ರೇಮಚಿತ್ರ ಕಡಿಮೆ. ಕಾದಂಬರಿಕಾರರಿಗೇ ಸಮಾಧಾನವಾಗಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ಅಂದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅವರ ಅಸಮಾಧಾನ ಅವರದು. ನಮ್ಮ ತಕರಾರು ಬೇರೆ ಇದೆ.

ರಾಮಾಚಾರಿಗೆ ಮೊದಲು ಅಲಮೇಲು, ಆಮೇಲೆ ಮಾರ್ಗರೆಟ್. ಮೊದಲನೆಯ ಪ್ರೇಮವನ್ನು ಚಾಮಯ್ಯ ಮೇಷ್ಟ್ರು ಜಾತಿಯ ಕಾರಣ ಹೇಳಿ ಬಿಡಿಸುತ್ತಾರೆ. ಶಿಷ್ಯ ಗುರುವಿನ ಮಾತಿಗೆ ತಲೆಬಾಗುತ್ತಾನೆ. ಅಲಮೇಲು ಮದುವೆಯಾಗಿ ಹೋಗಿ ಗಂಡನ ಕೈಯಿಂದಲೇ ಸೂಳೆಗಾರಿಕೆಗೆ ಬೀಳುತ್ತಾಳೆ. ಎರಡನೆಯ ಸಲ ಹುಡುಗಿ ಕ್ರೈಸ್ತಳು. ಮೇಷ್ಟ್ರು ಮತ್ತೆ ಅಡ್ಡ ಬರುತ್ತಾರೆ. ಬೆಟ್ಟದ ತುದಿಯಲ್ಲಿ ಅವರೂ ಸಾಯುತ್ತಾರೆ, ಪ್ರೇಮಿಗಳೂ ಸಾಯುತ್ತಾರೆ. ಮೇಷ್ಟ್ರ ಪಾತ್ರ ಮಾಡಿದ ಕೆ.ಎಸ್. ಅಶ್ವತ್ಥ್ ಅವರನ್ನು ನೋಡಿ ನಾವೂ ಅತ್ತಿದ್ದೇವೆ. ನಮ್ಮಲ್ಲಿ ಮೇಷ್ಟ್ರುಗಳೇ ಹೆಚ್ಚು, ಹಾಗಾಗಿ ಇನ್ನೂ ಒಂದಿಷ್ಟು ಹೆಚ್ಚೇ ಅತ್ತಿರಬಹುದು. ಆದರೆ ಇಷ್ಟು ಪ್ರೀತಿಸುವ ಗುರು, ಶಿಷ್ಯನಿಗಾಗಿ ಪ್ರಾಣ ಬಿಡಬಲ್ಲ ಗುರು, ಜಾತಿಯೊಂದನ್ನು ಬಿಡಲಾರ. ಇದನ್ನು ಚಿತ್ರ ಗುರುವಿನ ದುರಂತ ಎಂದು ತೋರಿಸುತ್ತದೆ. ಅಲಮೇಲುವಿನ ಕಡೆಯಿಂದ ನೋಡಿದರೆ ಅದಕ್ಕೆ ಬೇರೆ ಹೆಸರಿದೆ. ಅವಳ ಬದುಕನ್ನು ಇಬ್ಬರು ಗಂಡಸರು ಒಂದು ಸಂಜೆ ಕೂತು ತೀರ್ಮಾನಿಸಿದರು.

ಇನ್ನೊಂದನ್ನು ಗಮನಿಸಿ. ಅದೇ ಚಿತ್ರದಲ್ಲಿ ಒನಕೆ ಓಬವ್ವ ಬರುತ್ತಾಳೆ. ಜಯಂತಿಯವರು ಮಾಡಿದ ಪಾತ್ರ. ಓಬವ್ವ ಕೋಟೆಯ ಕಾವಲುಗಾರನ ಹೆಂಡತಿ, ಛಲವಾದಿ ಸಮುದಾಯದವಳು ಎಂದು ಜನ ಹೆಮ್ಮೆಯಿಂದ ಹೇಳಿಕೊಳ್ಳುವ ಹೆಣ್ಣು. ಈ ಇಡೀ ಪ್ರೇಮಕತೆಯಲ್ಲಿ ನಮ್ಮ ಕೇರಿಗೆ ಸಿಕ್ಕಿದ್ದು ಒಂದು ಹಾಡಿನಷ್ಟು ಜಾಗ. ಕೈಯಲ್ಲಿ ಒನಕೆ, ಕಾಲ ಬುಡದಲ್ಲಿ ಹೆಣ. ಕೋಟೆ ಕಾಯಲು ಅವಳು ಬೇಕು, ಸಾಯಲು ಬೇಕು, ಪೂಜಿಸಲೂ ಬೇಕು. ಪ್ರೀತಿಸಲು ಮಾತ್ರ ಬೇಡ. ದಲಿತ ಹೆಣ್ಣು ತೆರೆಯ ಮೇಲೆ ಒಂದು ಜೊತೆ ಬಳೆಗಾಗಿ ಆಸೆಪಡುವುದನ್ನು, ಯಾರಿಗೋ ಕಾದು ನಿಂತು ಬೇಸರಗೊಳ್ಳುವುದನ್ನು ನಾವು ಎಷ್ಟು ಸಲ ನೋಡಿದ್ದೇವೆ? ಬೆರಳು ಮಡಚುವ ಮೊದಲೇ ಲೆಕ್ಕ ಮುಗಿಯುತ್ತದೆ.

ಆಮೇಲೆ ಬಂದದ್ದು ‘ಮುಂಗಾರು ಮಳೆ’, 2006ರ ಡಿಸೆಂಬರ್ ಕೊನೆಗೆ. ಯೋಗರಾಜ ಭಟ್ಟರ ಈ ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸೊಂದರಲ್ಲಿ ವರ್ಷದುದ್ದಕ್ಕೂ ಓಡಿತು. ನಮ್ಮ ಜಿಲ್ಲೆಯ ಜೋಗದ ನೆತ್ತಿಯ ಮೇಲೆ ಪ್ರೇಮಿ ಕುಣಿದ. ಅಲ್ಲಿಂದ ಮುಂದೆ ಮಲೆನಾಡೆಂದರೆ ಪ್ರೇಮ ಹುಟ್ಟುವ ಜಾಗ ಎಂದಾಯಿತು. ಮಳೆ, ಮಂಜು, ಜಲಪಾತ. ಇದೇ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಕಟ್ಟಿದಾಗ ಊರು ಮುಳುಗಿ ಲಾರಿ ಹತ್ತಿದ ಸಂಸಾರಗಳ ಮಕ್ಕಳು ಮೊಮ್ಮಕ್ಕಳು ಶಿವಮೊಗ್ಗದ ಸುತ್ತಮುತ್ತ ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅವರು ಜೋಗ ನೋಡಿದಾಗ ಏನು ನೆನಪಾಗುತ್ತದೋ ಅದನ್ನು ಯಾವ ಹಾಡಿನ ಕ್ಯಾಮರಾವೂ ಹಿಡಿದಿಲ್ಲ. ಚಿತ್ರದ ಮೇಲೆ ಇದು ಅನ್ಯಾಯದ ಆರೋಪ, ಪ್ರೇಮದ ಕತೆಯಲ್ಲಿ ಅಣೆಕಟ್ಟು ತರಬೇಡಿ ಎಂದು ಒಬ್ಬ ಗೆಳೆಯರು ನಮ್ಮನ್ನು ಗದರಿದರು. ಇರಲಿ, ಬಿಟ್ಟೆವು.

ಆದರೆ ಕತೆಯ ಒಳಗಿನದನ್ನೇ ಕೇಳೋಣ. ನಾಯಕ ಪ್ರೀತಮ್ ಕೊನೆಗೆ ತ್ಯಾಗ ಮಾಡುತ್ತಾನೆ. ಯಾರಿಗಾಗಿ? ತನ್ನನ್ನು ನಂಬಿದ ಹುಡುಗಿಯ ಅಪ್ಪನಿಗಾಗಿ, ಅವಳನ್ನು ಮದುವೆಯಾಗಲಿರುವ ಯೋಧನಿಗಾಗಿ. ಆ ತ್ಯಾಗದಲ್ಲಿ ನಂದಿನಿಯ ಪಾಲೇನು? ಅವಳ ಮನಸ್ಸು ಗೊತ್ತಿದ್ದೂ ಅವಳ ಪರವಾಗಿ ಅವನು ತ್ಯಾಗ ಮಾಡಿಬಿಡುತ್ತಾನೆ. ಅಲಮೇಲುವಿಗೆ ಆದದ್ದೂ ಇದೇ, ಮೂವತ್ತನಾಲ್ಕು ವರ್ಷಗಳ ಆಮೇಲೆ ಚೂರು ನಗು ಬೆರೆಸಿ, ಮಳೆ ಸುರಿಸಿ. ಚಿತ್ರಮಂದಿರದಲ್ಲಿ ಹುಡುಗರು ‘ಎಂಥ ಗಂಡು’ ಎಂದು ಚಪ್ಪಾಳೆ ತಟ್ಟುವಾಗ ನಮ್ಮ ಪಕ್ಕದ ಸಾಲಿನ ಒಬ್ಬ ನರ್ಸ್ ಹೆಣ್ಣುಮಗಳು ತನ್ನ ಗೆಳತಿಗೆ ಅಂದದ್ದು ಇಂದಿಗೂ ಕಿವಿಯಲ್ಲಿದೆ: ‘ಅವಳ್ನ ಒಂದ್ ಮಾತು ಕೇಳ್ಬೋದಿತ್ತಲ್ಲೇ.’

ಈ ಜಿಲ್ಲೆಯ ಕೊನಗವಳ್ಳಿಯವರೇ ಆದ ಲಂಕೇಶ್ 1976ರಲ್ಲೇ ‘ಪಲ್ಲವಿ’ಯಲ್ಲಿ ಪ್ರೇಮದ ನಡುವೆ ಕೆಲಸದ ಪ್ರಶ್ನೆಯನ್ನು, ಸಂಬಳದ ಪ್ರಶ್ನೆಯನ್ನು ಹೆಣ್ಣಿನ ಕಡೆಯಿಂದ ಕೇಳಿದ್ದರು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅದನ್ನು ಇವತ್ತು ನೋಡಿದವರು ಎಷ್ಟು ಜನ?

ಈಗ ಭದ್ರಾವತಿಯ ಹುಡುಗನ ಪ್ರಶ್ನೆಗೆ ಬರೋಣ. ‘ಯಾಕೆ ಒಪ್ಕೊಂಡ?’ ಎಂದು ಅವನು ಕೇಳಿದ್ದು ದಡ್ಡತನದಿಂದ ಅಲ್ಲ. 2023ರ ಜನವರಿಯಲ್ಲಿ ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನದ ಸುದ್ದಿ ಬಂತು. 1918ರಲ್ಲಿ ನೆಟ್ಟ ಕಾರ್ಖಾನೆ. ಊರಿನ ಇನ್ನೊಂದು ಕಣ್ಣಾಗಿದ್ದ ಕಾಗದ ಕಾರ್ಖಾನೆ ಅದಕ್ಕೆ ವರ್ಷಗಟ್ಟಲೆ ಮುಂಚೆಯೇ ನಿಂತುಹೋಗಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಕಾಯಂ ಆದವರಿಗೆ ಬೇರೆ ಕಡೆ ವರ್ಗವೋ ಪರಿಹಾರವೋ ಸಿಗಬಹುದು. ಗುತ್ತಿಗೆಯವನಿಗೆ ಗೇಟು ಮುಚ್ಚಿದರೆ ಮುಗಿಯಿತು. ಆ ವರ್ಷ ಆ ಊರಿನ ಮನೆಮನೆಯಲ್ಲಿ ‘ಸಹಿ ಹಾಕಬೇಕೋ ಬೇಡವೋ’, ‘ಮೇಲಿನವರ ಮಾತು ನಂಬಬೇಕೋ ಬೇಡವೋ’ ಎಂಬುದೇ ಮಾತು. ಅಂಥ ಮನೆಯಿಂದ ಬಂದ ಹುಡುಗ ತೆರೆಯ ಮೇಲೆ ಒಬ್ಬ ಡ್ರೈವರ್ ಸಾಹುಕಾರನ ಬಾಯಿಮಾತು ನಂಬಿ ಜೈಲಿಗೆ ಹೋಗುವುದನ್ನು ನೋಡಿದ. ಬೆಂಗಳೂರಿನ ವಿಮರ್ಶಕರಿಗೆ ಅದು ವಿಧಿ. ಇವನಿಗೆ ಅದು ಒಂದು ಕರಾರು, ಕೆಟ್ಟ ಕರಾರು. ವಿಧಿಯ ಮುಂದೆ ಅಳಬಹುದು. ಕೆಟ್ಟ ಕರಾರಿನ ಮುಂದೆ ಸಿಟ್ಟು ಬರುತ್ತದೆ.

ಚಿತ್ರ ಈ ಸಿಟ್ಟಿನ ಹೊಸ್ತಿಲವರೆಗೆ ಬರುತ್ತದೆ, ಅದಕ್ಕಾಗಿಯೇ ಅದನ್ನು ನಾವು ಗೌರವಿಸುತ್ತೇವೆ. ಜೈಲಿನ ದೃಶ್ಯಗಳಲ್ಲಿ, ಭೇಟಿಯ ಹೊತ್ತಿನ ದೃಶ್ಯಗಳಲ್ಲಿ, ಬಡವನಿಗೆ ಕಾನೂನು ಹೇಗೆ ನಿಧಾನ ಎಂಬುದು ತಿಳಿಯುತ್ತದೆ. ಆದರೆ ಹೊಸ್ತಿಲಲ್ಲಿ ನಿಂತು ಅದು ಸಮುದ್ರದ ಕಡೆ ತಿರುಗುತ್ತದೆ. ಅನ್ಯಾಯ ವಿರಹವಾಗುತ್ತದೆ. ಕೊಟ್ಟ ಮಾತಿಗೆ ತಪ್ಪಿದವರು ಯಾರು ಎಂಬುದಕ್ಕಿಂತ ಕಳೆದುಹೋದದ್ದು ಎಷ್ಟು ಸುಂದರ ಎಂಬುದೇ ದೊಡ್ಡದಾಗುತ್ತದೆ. ಚಿತ್ರದ ಹೆಸರು ಗೋಪಾಲಕೃಷ್ಣ ಅಡಿಗರ ಪದ್ಯದಿಂದ ಬಂದದ್ದು. ಅಡಿಗರು ಅರವತ್ತರ ದಶಕದಲ್ಲಿ ಇಲ್ಲೇ ಸಾಗರದ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದವರು. ಆಚೆಯ ತೀರದ ಆ ಹಂಬಲ ದೊಡ್ಡದೇ. ಆದರೆ ಈಚೆಯ ತೀರದಲ್ಲಿ ಬಾಡಿಗೆ ಕಟ್ಟಬೇಕಾದವನು ಆಚೆಗೆ ನೋಡುವ ಮೊದಲು ಪಕ್ಕಕ್ಕೆ ನೋಡುತ್ತಾನೆ. ಅವನಿಗೆ ಬೇಜಾರು ಬಂದರೆ ಅದನ್ನು ರಸಹೀನತೆ ಎನ್ನಬೇಡಿ.

ಜಾತಿಯ ಮಾತು ಬಂದಾಗ ಈ ಒಡಕು ಇನ್ನೂ ಆಳ. ಇದಕ್ಕೆ ಉದಾಹರಣೆ ಮರಾಠಿಯಿಂದ ಬಂತು. 2016ರ ‘ಸೈರಾಟ್’. ನಾಗರಾಜ ಮಂಜುಳೆ ದಲಿತ ನಿರ್ದೇಶಕ, ಸೊಲ್ಲಾಪುರ ಜಿಲ್ಲೆ ಕರಮಾಳದ ಮಣ್ಣಿನವರು. ಮೀನು ಹಿಡಿಯುವ ಮನೆಯ ಕೆಳಜಾತಿಯ ಹುಡುಗ ಪರಶ್ಯಾ, ಊರಾಳುವ ಪಾಟೀಲನ ಮಗಳು ಆರ್ಚಿ. ಬುಲೆಟ್ ಓಡಿಸುತ್ತಾಳೆ, ಟ್ರ್ಯಾಕ್ಟರ್ ಓಡಿಸುತ್ತಾಳೆ. ಬರ್ಲಿನ್ ಚಿತ್ರೋತ್ಸವಕ್ಕೂ ಹೋಯಿತು, ಹಳ್ಳಿಯ ಟೆಂಟಿಗೂ ಹೋಯಿತು. ಆ ಕತೆಯನ್ನು 2017ರಲ್ಲಿ ‘ಮನಸು ಮಲ್ಲಿಗೆ’ ಎಂದು ಕನ್ನಡಕ್ಕೆ ತಂದವರು ಎಸ್. ನಾರಾಯಣ್, ಭದ್ರಾವತಿಯ ಮಣ್ಣಿನವರೇ. ನಾಯಕಿಯಾಗಿ ಅದೇ ರಿಂಕು ರಾಜಗುರು. ಆದರೂ ಮೂಲ ಎಬ್ಬಿಸಿದ ಗಾಳಿ ಇಲ್ಲಿ ಏಳಲಿಲ್ಲ. ಕರಮಾಳದ ಆಡುಮಾತು, ಅಲ್ಲಿನ ಬಾವಿ, ಕಬ್ಬಿನ ಗದ್ದೆ, ಅಲ್ಲಿನ ಪಾಟೀಲಿಕೆ ಇವನ್ನೆಲ್ಲ ಭಾಷಾಂತರ ಮಾಡಲು ಬರುವುದಿಲ್ಲ. ನಮ್ಮ ಜಾತಿಯ ಕತೆಗೆ ನಮ್ಮದೇ ಮಣ್ಣು ಬೇಕು. ಭದ್ರಾವತಿಯ ಕತೆ ಭದ್ರಾವತಿಯಲ್ಲೇ ಬಿದ್ದಿದೆ.

ಯಾಕೆಂದರೆ ಅದು ಎಂಥ ಊರು! ಜನ್ನಾಪುರ, ನ್ಯೂಟೌನ್, ಪೇಪರ್‌ಟೌನ್ ಕ್ವಾರ್ಟರ್ಸುಗಳಲ್ಲಿ ಕನ್ನಡದವರು, ತಮಿಳರು, ತೆಲುಗರು, ಮುಸ್ಲಿಮರು, ಹತ್ತಾರು ಜಾತಿಯವರು ಗೋಡೆಗೆ ಗೋಡೆ ತಾಗಿಸಿ ಬದುಕಿದರು. ಒಂದೇ ಸೈರನ್ನಿಗೆ ಎದ್ದರು. ಮಕ್ಕಳು ಒಂದೇ ಶಾಲೆಯಲ್ಲಿ ಕಲಿತರು, ಪ್ರೀತಿಸಿದರು. ಮದುವೆ ಮಾತ್ರ ಅಪ್ಪನ ಹಳ್ಳಿಗೆ ಹೋಗಿ, ಅಪ್ಪನ ಜಾತಿಯಲ್ಲಿ. ಶಿಫ್ಟು ಒಂದೇ, ಚಪ್ಪರ ಬೇರೆ ಬೇರೆ. ಪ್ರೊ. ಬಿ. ಕೃಷ್ಣಪ್ಪನವರು ಎಪ್ಪತ್ತರ ದಶಕದಲ್ಲಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಈ ಊರಿನಲ್ಲೇ. ಇಷ್ಟೆಲ್ಲ ಇರುವ ಊರಿನಿಂದ ಒಂದು ಪ್ರೇಮಚಿತ್ರ ಬರಲಿಲ್ಲ.

‘ಸೈರಾಟ್’ ಚಿತ್ರವನ್ನು ನಾವು ಶಿವಮೊಗ್ಗದ ಒಂದು ಹಾಸ್ಟೆಲಿನಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಮೊದಲರ್ಧದ ಹಾಡುಗಳಿಗೆ ಹುಡುಗರು ಬೆಂಚು ಸರಿಸಿ ಕುಣಿದರು. ಪ್ರೇಮಿಗಳು ಹೈದರಾಬಾದಿಗೆ ಓಡಿಹೋದ ಮೇಲೆ ಕುಣಿತ ನಿಂತಿತು. ಅಲ್ಲಿಂದ ಚಿತ್ರ ಬಾಡಿಗೆ ಗುಡಿಸಲು, ನಾರುವ ಚರಂಡಿ, ಕೆಲಸ, ಸಂಶಯ, ಹೊಡೆತ ಇವನ್ನೆಲ್ಲ ತೋರಿಸುತ್ತದೆ. ಸಾಹುಕಾರನ ಮಗಳು ನೀರಿನ ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಕೂಲಿಗೆ ನಿಲ್ಲುತ್ತಾಳೆ. ಪ್ರೇಮಕ್ಕೆ ಬಾಡಿಗೆ ಎಷ್ಟು, ಅಕ್ಕಿ ಎಷ್ಟು ಎಂದು ಲೆಕ್ಕ ಹಾಕಿದ ಚಿತ್ರ ಅದು. ಕೊನೆಗೆ ತವರಿನವರು ಉಡುಗೊರೆ ಹಿಡಿದು ಬರುತ್ತಾರೆ, ಚಹಾ ಕುಡಿಯುತ್ತಾರೆ. ಆಮೇಲೆ ಮಗುವಿನ ಪುಟ್ಟ ಪಾದದ ಗುರುತು, ರಕ್ತದಲ್ಲಿ. ಹಿನ್ನೆಲೆ ಸಂಗೀತವಿಲ್ಲ. ದೀಪ ಹಾಕಿದಾಗ ಬೆಂಚಿನಿಂದ ಒಬ್ಬರೂ ಏಳಲಿಲ್ಲ.

ಮಾತು ಶುರುವಾದ ಮೇಲೆ ಆ ಕೋಣೆ ಎರಡಲ್ಲ, ಮೂರು ನಾಲ್ಕು ಹೋಳಾಯಿತು. ಒಬ್ಬ ಅಧ್ಯಾಪಕ ಮಿತ್ರರು, ಒಳ್ಳೆಯವರೇ, ‘ಇಷ್ಟು ಕ್ರೌರ್ಯ ಬೇಕಿತ್ತಾ? ಅಪ್ಪ ಅಮ್ಮ ಒಪ್ಪಿದ ಹಾಗೆ ಮುಗಿಸಿದ್ದರೆ ಸಮಾಜಕ್ಕೆ ಒಳ್ಳೆಯ ಸಂದೇಶ ಹೋಗ್ತಿತ್ತು’ ಎಂದರು. ಮೇಲ್ಜಾತಿಯ ಒಳ್ಳೆಯತನಕ್ಕೆ ಸುಖಾಂತ್ಯದ ಹಸಿವು ಬಹಳ. 2010ರಲ್ಲಿ ಮದ್ದೂರು ತಾಲೂಕಿನ ಹಳ್ಳಿಯೊಂದರಲ್ಲಿ ದಲಿತ ಹುಡುಗನನ್ನು ಪ್ರೀತಿಸಿದ ಮಗಳನ್ನು ಮನೆಯವರೇ ಕೊಂದರೆಂದು ಕೇಸಾಯಿತಲ್ಲ, ಅದಕ್ಕೆ ಯಾವ ಸಂದೇಶ ಬರೆಯೋಣ ಎಂದು ನಮ್ಮವರೊಬ್ಬರು ಕೇಳಿದರು. ಮಿತ್ರರು ಸುಮ್ಮನಾದರು. ಗೆದ್ದೆವೆಂದು ನಾವು ಹಿಗ್ಗಿದೆವು. ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ‘ಸಾರ್, ನಮ್ಮಪ್ಪ ಈ ಪಿಕ್ಚರ್ ನೋಡಿದ್ರೆ ನನ್ನ ಕಾಲೇಜು ಬಿಡಿಸ್ತಾರೆ’ ಎಂದಳು. ಅವಳು ನಮ್ಮ ಕೇರಿಯ ಹುಡುಗಿಯೇ. ‘ಕೊಲ್ತಾರೆ ಅಂತ ತೋರಿಸಿದ್ದು ಸರಿ. ಆದ್ರೆ ನಮ್ಮನೇಲಿ ಅದನ್ನೇ ಹೇಳಿ ಹೇಳಿ ಹೆದರಿಸ್ತಾರಲ್ಲ, ಅದಕ್ಕೇನ್ ಮಾಡೋಣ? ನೋಡು, ಪ್ರೀತಿ ಗೀತಿ ಅಂದ್ರೆ ಹಿಂಗೇ ಆಗೋದು ಅಂತಾರೆ.’ ಸತ್ಯವನ್ನು ತೋರಿಸಿದ ಚಿತ್ರ ಅಪ್ಪಂದಿರ ಕೈಯಲ್ಲಿ ಬೆತ್ತವೂ ಆಗುತ್ತದೆ ಎಂಬುದನ್ನು ನಾವು ಯೋಚಿಸಿರಲಿಲ್ಲ. ಮಹಾರಾಷ್ಟ್ರದಲ್ಲಿ ಮೇಲ್ಜಾತಿಯ ಕೆಲವರು ಈ ಚಿತ್ರ ನಮ್ಮ ಹೆಣ್ಣುಮಕ್ಕಳನ್ನು ಹಾಳು ಮಾಡುತ್ತದೆ ಎಂದು ಕೂಗಾಡಿದರು. ಕೇರಿಯ ಅಪ್ಪ ತನ್ನ ಮಕ್ಕಳು ಹೆಣವಾಗಿ ಬಂದಾರೆಂದು ಹೆದರುತ್ತಾನೆ. ಕೂಗಾಡುವವನ ಮೀಸೆಗೂ ಹೆದರುವವನ ಎದೆಗೂ ಬಹಳ ವ್ಯತ್ಯಾಸವಿದೆ. ಆದರೆ ಹುಡುಗಿಯ ಪಾಲಿಗೆ ಎರಡೂ ಕಡೆ ಬಾಗಿಲಿಗೆ ಚಿಲಕವೇ.

ಹಿಂದಿಯವರು 2018ರಲ್ಲಿ ಇದೇ ಕತೆಯನ್ನು ‘ಧಡಕ್’ ಎಂದು ಮಾಡಿದರು. ಜಾತಿಯನ್ನು ತೆಳ್ಳಗೆ ಮಾಡಿ, ಉದಯಪುರದ ಅರಮನೆ ಕೆರೆಗಳ ಮುಂದೆ ನಿಲ್ಲಿಸಿದರು. ಕೊನೆಗೆ ಗಂಡ ಮಗು ಸಾಯುತ್ತಾರೆ, ಹುಡುಗಿ ಉಳಿಯುತ್ತಾಳೆ. ಜಾತಿ ತೆಗೆದ ಮೇಲೆ ಆ ಕೊಲೆಗೆ ಕಾರಣವೇ ತಿಳಿಯದೆ ಅದು ಬರೀ ಸಿಟ್ಟಿನ ಮನೆಯವರ ಕತೆಯಾಯಿತು. ಇದರ ಬಗ್ಗೆ ಹೆಚ್ಚು ಹೇಳುವುದು ಬೇಡ.

ನಮ್ಮ ಸಂಘಟನೆಯ ಗೆಳೆಯರಿಗೂ ಒಂದು ಮಾತು ಹೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬಾರದು. ಪ್ರೇಮಚಿತ್ರ ಎಂದ ಕೂಡಲೇ ‘ಬೂರ್ಜ್ವಾ ಸರಕು’ ಎಂದು ತಳ್ಳಿಹಾಕುವ ಚಟ ನಮ್ಮಲ್ಲಿದೆ. ಹೋರಾಟ, ಭೂಮಿ, ಕೂಲಿ ಇವು ವಿಷಯ, ಪ್ರೀತಿ ವಿಷಯವಲ್ಲ. ಅಂಬೇಡ್ಕರರು 1936ರ ‘ಜಾತಿ ವಿನಾಶ’ದಲ್ಲಿ ಸಹಭೋಜನ ಸಾಲದು, ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದು ವಾದಿಸಿದರು. ಹಾಗಾದರೆ ಪ್ರೀತಿ ನಮ್ಮ ವಿಷಯ ಹೇಗಲ್ಲ? ಕುವೆಂಪು ಪುರೋಹಿತರನ್ನು ಆಚೆಗಿಟ್ಟು ಮಂತ್ರ ಮಾಂಗಲ್ಯ ಕೊಟ್ಟರು, 1966ರಲ್ಲಿ ತಮ್ಮ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿದರು. ಆ ದಾರಿಯಲ್ಲಿ ಮದುವೆಯಾದ ಜೋಡಿಗಳು ಈ ಎರಡೂ ಊರುಗಳಲ್ಲಿವೆ. ಅವರ ಬಾಡಿಗೆ ಮನೆ ಹುಡುಕಾಟ, ಮಗು ಹುಟ್ಟಿದಾಗ ಬಾರದ ಅಜ್ಜಿ, ಶಾಲೆಯ ಅರ್ಜಿಯ ಜಾತಿಯ ಕಾಲಂ. ಇವು ಯಾವ ತೆರೆಯ ಮೇಲೂ ಬಂದಿಲ್ಲ.

ಇನ್ನೂ ಒಂದಿದೆ. ಚಿತ್ರಗಳಲ್ಲಿ ಓಡಿಹೋದ ಜೋಡಿ ಗುಡಿಯಲ್ಲಿ ತಾಳಿ ಕಟ್ಟುತ್ತದೆ, ಗಂಟೆ ಬಾರಿಸುತ್ತದೆ, ಮುಗಿಯಿತು. ನಿಜದಲ್ಲಿ ಬೇರೆ ಬೇರೆ ಧರ್ಮದವರು ತಮ್ಮ ಧರ್ಮ ಬಿಡದೆ ಮದುವೆಯಾಗಬೇಕಾದರೆ, ಜಾತಿ ಬೇರೆಯಾದವರು ಶಾಸ್ತ್ರ ಬೇಡವೆಂದರೆ, ಇರುವುದು 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ಮೊದಲು ನೋಟಿಸು ಕೊಡಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಹಚ್ಚುತ್ತಾರೆ. ಮೂವತ್ತು ದಿನ ಕಾಯಬೇಕು. ಹೆಸರು, ವಿಳಾಸ ಎಲ್ಲ ಅದರಲ್ಲಿ. ಪಹಣಿಗೆಂದು ಬಂದ ಊರಿನವನು ಓದಬಹುದು, ಚಿಕ್ಕಪ್ಪ ಓದಬಹುದು, ಬೇಕೆಂದೇ ಓದಲು ಬರುವವರೂ ಇದ್ದಾರೆ. ಗೋಡೆಗೆ ಹಚ್ಚಿದ ಆ ಕಾಗದ, ಆ ಮೂವತ್ತು ರಾತ್ರಿ, ಇದಕ್ಕಿಂತ ಉಸಿರು ಬಿಗಿಹಿಡಿಸುವ ಪ್ರೇಮಕತೆ ಯಾವುದಿದೆ? ಅದನ್ನು ಮಾಡಿದರೂ ಪ್ರೇಕ್ಷಕರು ಒಡೆಯುತ್ತಾರೆ. ಅರ್ಧ ಜನ ಹುಡುಗ ಹುಡುಗಿ ಸಿಕ್ಕಿಬೀಳದಿರಲಿ ಎಂದು ಕುರ್ಚಿಯ ತುದಿಗೆ ಬರುತ್ತಾರೆ. ಇನ್ನರ್ಧ ಜನ ಆ ಕಾಗದ ಓದುವ ಚಿಕ್ಕಪ್ಪನ ಕಣ್ಣಿನಲ್ಲಿ ತಮ್ಮನ್ನೇ ಕಾಣುತ್ತಾರೆ, ಚಿತ್ರ ಬಹಳ ಬೋರು ಎಂದು ಎದ್ದುಹೋಗುತ್ತಾರೆ.

‘ಸಪ್ತ ಸಾಗರದಾಚೆ ಎಲ್ಲೋ’ದ ಎರಡನೆಯ ಭಾಗ ಅದೇ ವರ್ಷ ನವೆಂಬರಿನಲ್ಲಿ ಬಂತು. ಜೈಲಿನಿಂದ ಬಂದ ಮನು ಮದುವೆಯಾದ ಪ್ರಿಯಾಳ ಬೆನ್ನ ಹಿಂದೆ ಅವಳಿಗೆ ತಿಳಿಯದ ಹಾಗೆ ಸುತ್ತುತ್ತಾನೆ, ಅವಳ ಒಳಿತಿಗಾಗಿ. ಇದು ಪ್ರೇಮವೋ ಹಿಂಬಾಲಿಸುವ ಪಿಡುಗೋ ಎಂದು ಹೆಣ್ಣುಮಕ್ಕಳಲ್ಲಿ ಹಲವರು ಕೇಳಿದರು, ಸರಿಯಾಗಿಯೇ ಕೇಳಿದರು. ಇಲ್ಲೂ ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ನೋಡಲು ಹೊರಟಾಗ ಭದ್ರಾವತಿಯ ಹುಡುಗನಿಗೆ ಫೋನ್ ಮಾಡಿದೆವು. ‘ಸೋಗಾನೆ ಏರ್‌ಪೋರ್ಟಿಗೆ ಬಾಡಿಗೆ ಇದೆ ಮೇಷ್ಟ್ರೆ, ಆಗಲ್ಲ’ ಎಂದ. ಆಮೇಲೆ ನಕ್ಕು, ‘ನೀವು ನೋಡ್ಕೊಂಡ್ ಬನ್ನಿ. ಅವನು ಯಾಕೆ ಒಪ್ಕೊಂಡ ಅಂತ ಇದ್ರಲ್ಲಾದ್ರೂ ಹೇಳಿದ್ರೆ ನಂಗೊಂದ್ ಫೋನ್ ಹಾಕಿ, ಬರ್ತೀನಿ’ ಎಂದ. ನಾವು ನೋಡಿಬಂದೆವು. ಅವನಿಗೆ ಬಹಳ ದಿನ ಫೋನ್ ಮಾಡಲಿಲ್ಲ.